ಬಿರುಗಾಳಿ ಬಂದಿದ್ದು ರಾತ್ರಿ, ರೇಡಿಯೋ ಸುಮ್ಮನಾಗಿದ್ದು ಮರುದಿನ

ಪ್ರಶ್ನೆ: ನಾನು ಹ್ಯಾಮ್ ರೇಡಿಯೋ ಹವ್ಯಾಸಿ. 2024ರ ಮೇ 10ರಂದು ಭೂಕಾಂತ ಬಿರುಗಾಳಿ ಬಂತು. ಆದರೆ 14 ಮೆಗಾಹರ್ಟ್ಸ್‌ನಲ್ಲಿ ಯೂರೋಪಿನ ಸ್ಟೇಷನ್‌ಗಳು ನನಗೆ ಕೇಳಿಸದೇ ಹೋದದ್ದು ಮಾರನೇ ದಿನ. ಇಷ್ಟು ತಡ ಯಾಕೆ?
- ಓದುಗರು, ಬನಶಂಕರಿ, ಬೆಂಗಳೂರು

ಉತ್ತರ: ಸೂರ್ಯನಿಂದ ಚಿಮ್ಮಿದ ಕಣಗಳು ಬಡಿದು ಭೂಮಿಯ ಕಾಂತಕ್ಷೇತ್ರ ಅಲುಗಾಡುವುದೇ ಭೂಕಾಂತ ಬಿರುಗಾಳಿ. ಅದು ಭೂಮಿಗೆ ಬಡಿದಾಗ ನಮ್ಮಲ್ಲಿ ರಾತ್ರಿ ಸುಮಾರು 10.35. ಹಾಗಾಗಿ ನೀವು ಗಮನಿಸಿದ ತಡ ನಿಜವಾದದ್ದೇ.

ನಿಮ್ಮ ಅಲೆ ಯೂರೋಪ್ ಮುಟ್ಟಬೇಕಾದರೆ ಸುಮಾರು 250ರಿಂದ 400 ಕಿ.ಮೀ. ಎತ್ತರದ ಎಫ್ ಪದರದಲ್ಲಿ ಬಾಗಿ ಕೆಳಗೆ ಬರಬೇಕು. ಇದು ಅಯಾನುಗೋಳದ, ಅಂದರೆ ಬಿಸಿಲಿಗೆ ಎಲೆಕ್ಟ್ರಾನ್‌ಗಳು ಬಿಡಿಯಾಗಿ ಓಡಾಡುವ ಮೇಲಿನ ಗಾಳಿಯ, ಒಂದು ಪದರ. ಆ ದಾರಿಯಲ್ಲಿ ಮಧ್ಯ ಅಕ್ಷಾಂಶದ ಅಯಾನುಗೋಳವೂ ಸಿಗುತ್ತದೆ. ಅಲ್ಲಿ ಎಲೆಕ್ಟ್ರಾನ್ ತೀರಾ ಕಡಿಮೆಯಾದರೆ ಅಲೆ ಬಾಗುವುದೇ ಇಲ್ಲ, ಮೇಲಕ್ಕೇ ಹೋಗಿಬಿಡುತ್ತದೆ.

ಎಲೆಕ್ಟ್ರಾನ್ ಎಲ್ಲಿ ಹೋದವು? ಸಾರಿನ ಪಾತ್ರೆ ನೆನಪಿಸಿಕೊಳ್ಳಿ. ಸುಮ್ನೆ ಬಿಟ್ಟರೆ ಬೇಳೆ ತಳದಲ್ಲಿ, ತಿಳಿ ಮೇಲೆ. ಉರಿ ಜೋರಾದರೆ ತಳದ ಬೇಳೆಯೆಲ್ಲ ಮೇಲೆ ಬರುತ್ತದೆ, ಅಲ್ವಾ? ಅಷ್ಟು ಎತ್ತರದ ಗಾಳಿಯಲ್ಲೂ ಹಗುರವಾದ ಆಕ್ಸಿಜನ್ ಪರಮಾಣು ಮೇಲೆ, ಭಾರದ ನೈಟ್ರೋಜನ್ ಅಣು ಕೆಳಗೆ ಇರುತ್ತವೆ. ಬಿರುಗಾಳಿ ಹೊತ್ತಿನಲ್ಲಿ ಧ್ರುವಗಳ ಹತ್ತಿರ ಜೋರು ಕರೆಂಟ್ ಹರಿದು ಗಾಳಿ ಬಿಸಿಯಾಗುತ್ತದೆ, ಕೆಳಗಿನ ನೈಟ್ರೋಜನ್ ಉಕ್ಕಿ ಮೇಲೆ ಬರುತ್ತದೆ, ಆಮೇಲೆ ಅದನ್ನು ಗಾಳಿ, ಅದರಲ್ಲೂ ರಾತ್ರಿ ಹೊತ್ತು, ಸಮಭಾಜಕದ ಕಡೆಗೆ ತಳ್ಳಿಕೊಂಡು ಬರುತ್ತದೆ. ಇದಕ್ಕೆ ಗಂಟೆಗಟ್ಟಲೆ ಬೇಕು. ತಡ ಆಗುವುದು ಇಲ್ಲೇ. ಬೆಳಗ್ಗೆ ಬಿಸಿಲು ಎಂದಿನಂತೆ ಬೀಳುತ್ತದೆ, ಆದರೆ ಆಕ್ಸಿಜನ್ ಕಡಿಮೆ ಇರುವುದರಿಂದ ಎಲೆಕ್ಟ್ರಾನ್ ಹುಟ್ಟುವುದೇ ಕಮ್ಮಿ. ಹುಟ್ಟಿದವೂ ಉಳಿಯುವುದಿಲ್ಲ: ಆಕ್ಸಿಜನ್ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ನೈಟ್ರೋಜನ್ ಜೊತೆ ಸೇರಿ ನೈಟ್ರಿಕ್ ಆಕ್ಸೈಡ್ ಅಯಾನಾಗುತ್ತದೆ, ಅದು ಎಲೆಕ್ಟ್ರಾನನ್ನು ಬಹಳ ಬೇಗ ನುಂಗುತ್ತದೆ. ಗಾಳಿ ಮತ್ತೆ ಹಳೇ ಹದಕ್ಕೆ ಬರಲು ಒಂದೆರಡು ದಿನವೂ ಹಿಡಿಯಬಹುದು.

ಮೊದಲ ಕೆಲವು ಗಂಟೆ ಎಷ್ಟೋ ಸಲ ಇದರ ಉಲ್ಟಾ ಆಗುತ್ತದೆ. ಹಗಲಿರುವ ಕಡೆ ಎಲೆಕ್ಟ್ರಾನ್ ಜಾಸ್ತಿಯಾಗಿ ಜಿಪಿಎಸ್ ತಪ್ಪು ಜಾಗ ತೋರಿಸುತ್ತದೆ. ಆ ಮೇ ತಿಂಗಳಲ್ಲಿ ಅಮೆರಿಕದ ರೈತರು ಬಿತ್ತನೆ ಮಧ್ಯದಲ್ಲೇ ಜಿಪಿಎಸ್ ನಂಬಿ ಓಡುವ ಟ್ರ್ಯಾಕ್ಟರ್ ನಿಲ್ಲಿಸಬೇಕಾಯಿತು.

ಬೆಂಗಳೂರಿನ ನೆತ್ತಿಯ ಮೇಲಿನ ಕಥೆ ಬೇರೆ. ಕಾಂತ ಸಮಭಾಜಕ (ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಗೆರೆ) ನಮ್ಮ ದೇಶದ ದಕ್ಷಿಣ ತುದಿಯಲ್ಲೇ ಹಾದುಹೋಗುವುದರಿಂದ ಇಲ್ಲಿ ವಿದ್ಯುತ್ ಕ್ಷೇತ್ರದ ಆಟವೇ ಹೆಚ್ಚು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಅದೇ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದು ನಮ್ಮ ಕೋರಮಂಗಲದ ಖಭೌತ ಸಂಸ್ಥೆಯ ಕ್ಯಾಮೆರಾಗಳಲ್ಲಿ ಸಿಕ್ಕಿತು, ಆ ಚಿತ್ರ ಖಂಡಿತ ನೋಡಿ.

ಮುಂದಿನ ಸಲ ಹೀಗಾದರೆ 14 ಬಿಟ್ಟು 10 ಮೆಗಾಹರ್ಟ್ಸ್‌ಗೆ ಇಳಿಯಿರಿ, ಕತ್ತಲಾದ ಮೇಲೆ 7 ಕೂಡ ನೋಡಿ. ಕಡಿಮೆ ಆವರ್ತನದ ಅಲೆ ಬಾಗಲು ಕಡಿಮೆ ಎಲೆಕ್ಟ್ರಾನ್ ಸಾಕು.