ಹಳೇ ವಿಂಡೋಸ್ ತೆಗೆಯುವ ಮುನ್ನ

ಪ್ರಶ್ನೆ: ಮನೆಯಲ್ಲೇ ಕನ್ನಡ, ಮರಾಠಿ ಡಿಟಿಪಿ ಮಾಡುತ್ತೇನೆ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ 10 ಇತ್ತು. ಹೊಸ ಎಸ್‌ಎಸ್‌ಡಿ ಜೋಡಿಸಿ ಅದರಲ್ಲಿ ವಿಂಡೋಸ್ 11 ಹಾಕಿದೆ. ಈಗ ಆನ್ ಮಾಡಿದಾಗಲೆಲ್ಲ ಯಾವ ವಿಂಡೋಸ್ ಬೇಕೆಂದು ಕೇಳುತ್ತದೆ. ಹಳೇ ಡಿಸ್ಕನ್ನು ಅಕ್ಕನ ಮಗನಿಗೆ ಕೊಡಬೇಕೆಂದಿದ್ದೇನೆ. ಫಾರ್ಮ್ಯಾಟ್ ಮಾಡಿ ಬಿಚ್ಚಿದರೆ ಸಾಕೇ?
– ಓದುಗರು, ಡೊಂಬಿವಲಿ

ಉತ್ತರ: ಹಳೇ ವಿಂಡೋಸ್ ಇರುವ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಕಂಪ್ಯೂಟರಿಗೆ ತೊಂದರೆಯಿಲ್ಲ; ಡಿಸ್ಕ್ ಬಿಚ್ಚಿದರೆ ಆಗಬಹುದು. ಎರಡೂ ಡಿಸ್ಕ್ ಜೋಡಿಸಿಟ್ಟೇ ವಿಂಡೋಸ್ ಹಾಕಿದರೆ ಅದು ಬೂಟ್ ಫೈಲುಗಳಿಗೆ (ಆನ್ ಮಾಡಿದಾಗ ವಿಂಡೋಸನ್ನು ಎಬ್ಬಿಸುವ ಫೈಲುಗಳಿಗೆ) ಹೊಸ ಡಿಸ್ಕ್‌ನಲ್ಲಿ ಜಾಗ ಮಾಡಿಕೊಳ್ಳದೆ, ಹಳೇ ಡಿಸ್ಕ್‌ನಲ್ಲಿ ಮೊದಲೇ ಇದ್ದ ಇಎಫ್‌ಐ ಪಾರ್ಟಿಶನ್ನಿನಲ್ಲೇ (ಬೂಟ್ ಫೈಲುಗಳಿಗೆಂದೇ ಇರುವ ಚಿಕ್ಕ ಭಾಗ) ಬರೆದುಬಿಡುತ್ತದೆ. ಆಯ್ಕೆಯ ಪರದೆ ಬರುತ್ತಿರುವುದು ನೋಡಿದರೆ ನಿಮ್ಮಲ್ಲೂ ಹಾಗೇ ಆಗಿರುವ ಸಾಧ್ಯತೆ ಹೆಚ್ಚು. ಸಂಸಾರ ಹೊಸ ಮನೆಯಲ್ಲಿ, ಬೀಗದಕೈ ಹಳೇ ಮನೆಯಲ್ಲಿ.

ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ‘ಇಎಫ್‌ಐ ಸಿಸ್ಟಮ್ ಪಾರ್ಟಿಶನ್’ ಎಂದು ಬರೆದ, ಸಾಮಾನ್ಯವಾಗಿ 100 ಎಂಬಿಯ ಚಿಕ್ಕ ಖಾನೆ ಯಾವ ಡಿಸ್ಕ್‌ನ ಸಾಲಿನಲ್ಲಿದೆ ನೋಡಿ. ಇದಕ್ಕಿಂತ ಖಚಿತವಾದ ಪರೀಕ್ಷೆ ಇನ್ನೊಂದಿದೆ: ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಹಳೇ ಡಿಸ್ಕ್‌ನ ಸಾಟಾ ಕೇಬಲ್ ತೆಗೆದು ಆನ್ ಮಾಡಿ. ವಿಂಡೋಸ್ 11 ಬಂದರೆ ಸರಿ. ಬರದಿದ್ದರೆ ಗಾಬರಿ ಬೇಡ, ಕೇಬಲ್ ವಾಪಸ್ ಹಾಕಿದರೆ ಮೊದಲಿನಂತಾಗುತ್ತದೆ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಮಾತ್ರ ಅದರ 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಬರಲಿಲ್ಲವೆಂದರೆ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವನ್ನು 300 ಎಂಬಿಯಷ್ಟು ಶ್ರಿಂಕ್ ಮಾಡಿ (ಕುಗ್ಗಿಸಿ). ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಿಸ್ಕ್‌ಪಾರ್ಟ್ ಎಂದು ಟೈಪಿಸಿ. ‘ಲಿಸ್ಟ್ ಡಿಸ್ಕ್’ ಕೊಟ್ಟು, ಗಾತ್ರ ನೋಡಿ ಎಸ್‌ಎಸ್‌ಡಿಯನ್ನು ಗುರುತಿಸಿ, ‘ಸೆಲೆಕ್ಟ್ ಡಿಸ್ಕ್’ ಮುಂದೆ ಅದರ ಸಂಖ್ಯೆ ಹಾಕಿ (ಇಲ್ಲಿ ಎರಡು ಸಲ ನೋಡಿ, ಸಂಖ್ಯೆ ತಪ್ಪಿದರೆ ಬೇರೆ ಡಿಸ್ಕ್ ಮೇಲೆ ಕೈ ಹೋಗುತ್ತದೆ). ಬಳಿಕ ಒಂದಾದ ಮೇಲೊಂದರಂತೆ ‘ಕ್ರಿಯೇಟ್ ಪಾರ್ಟಿಶನ್ ಇಎಫ್‌ಐ’, ‘ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32’, ‘ಅಸೈನ್ ಲೆಟರ್=ಎಸ್’, ‘ಎಕ್ಸಿಟ್’. ಕೊನೆಗೆ ಬಿಸಿಡಿಬೂಟ್ ಆದೇಶ: ಬಿಸಿಡಿಬೂಟ್, ಜಾಗ, ಸಿ ಕೋಲನ್ ಬ್ಯಾಕ್‌ಸ್ಲ್ಯಾಶ್ ವಿಂಡೋಸ್, ಜಾಗ, ಸ್ಲ್ಯಾಶ್ ಎಸ್, ಜಾಗ, ಎಸ್ ಕೋಲನ್, ಜಾಗ, ಸ್ಲ್ಯಾಶ್ ಎಫ್, ಜಾಗ, ಯುಇಎಫ್‌ಐ. ಹಳೇ ಡಿಸ್ಕ್‌ನ ಕೇಬಲ್ ತೆಗೆದು ಮತ್ತೆ ಪರೀಕ್ಷಿಸಿ. ಹೊಸ ಬೂಟ್ ಪಟ್ಟಿಯಲ್ಲಿ ವಿಂಡೋಸ್ 11 ಮಾತ್ರ ಇರುವುದರಿಂದ ಆಯ್ಕೆಯ ಪರದೆಯೂ ತಾನೇ ಹೋಗುತ್ತದೆ. ಮೊದಲ ಪರೀಕ್ಷೆಯಲ್ಲೇ ಪಾಸಾಗಿದ್ದರೆ ಇದ್ಯಾವುದೂ ಬೇಡ. ವಿಂಡೋಸ್‌ನದೇ ಆದ ಎಂಎಸ್‌ಕಾನ್ಫಿಗ್ ಎಂಬ ಸಾಧನದ ಬೂಟ್ ಪುಟದಲ್ಲಿ ‘ಕರೆಂಟ್ ಓಎಸ್’ ಎಂದಿಲ್ಲದ ಸಾಲನ್ನು ಡಿಲೀಟ್ ಮಾಡಿ. ಅದರಿಂದ ಪಟ್ಟಿಯ ಹೆಸರು ಹೋಗುತ್ತದೆಯೇ ಹೊರತು ಡಿಸ್ಕ್‌ನಲ್ಲಿ ಒಂದು ಎಂಬಿಯೂ ಖಾಲಿಯಾಗುವುದಿಲ್ಲ.

ಫಾರ್ಮ್ಯಾಟಿಗೆ ಮುಂಚೆ ಫಾಂಟುಗಳನ್ನು ನೆನಪಿಡಿ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಎಲ್ಲರಿಗೂ ನೆನಪಾಗುತ್ತವೆ. ಹಳೇ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಯಾರಿಗೂ ನೆನಪಾಗುವುದಿಲ್ಲ. ಯುನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಆಮಂತ್ರಣ ಪತ್ರಿಕೆಗಳು ಆ ಫಾಂಟಿಲ್ಲದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹಳೇ ಯೂಸರ್ ಫೋಲ್ಡರ್ ‘ಪರ್ಮಿಶನ್ ಇಲ್ಲ’ ಎಂದರೆ ಕಂಟಿನ್ಯೂ ಒತ್ತಿ ಕಾಯಿರಿ.

ಕೊಡುವ ಡಿಸ್ಕ್ ಆದ್ದರಿಂದ ‘ಕ್ವಿಕ್ ಫಾರ್ಮ್ಯಾಟ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಕ್ವಿಕ್‌ನಲ್ಲಿ ಫೈಲುಗಳ ಪಟ್ಟಿ ಹೋಗುತ್ತದೆ, ಗಿರಾಕಿಗಳ ಫೈಲು ಅಲ್ಲೇ ಉಳಿಯುತ್ತದೆ. ಪೂರ್ತಿ ಫಾರ್ಮ್ಯಾಟಿಗೆ ಕೆಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ. ಹುಡುಗ ಅದನ್ನು ಯುಎಸ್‌ಬಿಯಲ್ಲಿ ಬಳಸುವುದಾದರೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಡಿಸ್ಕ್ ಇಡುವ ಕೇಸ್ ಕೊಳ್ಳುವಾಗ ಅಳತೆ ಹೇಳಿ: 3.5 ಇಂಚಿನದಕ್ಕೆ ಬೇರೆ ಪವರ್ ಅಡಾಪ್ಟರ್ ಇರುವ ಕೇಸೇ ಬೇಕು.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದ್ದ ಹಾಗೇ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ಸಿ ಡ್ರೈವಿನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ 20 ಜಿಬಿಗೂ ಹೆಚ್ಚು ತಿಂದಿದೆ. ಡಿಲೀಟ್ ಒತ್ತಿದರೆ ಹೋಗುವುದಿಲ್ಲ.
– ಓದುಗರು, ಪುಣೆ

ಉತ್ತರ: ಕೈಯಿಂದ ತೆಗೆಯಲು ಹೋಗಬೇಡಿ, ಅದರ ಒಡೆತನ ಸಿಸ್ಟಮ್‌ನದು, ಅರ್ಧ ಅಳಿಸಿ ಅರ್ಧ ಉಳಿಯುತ್ತದೆ. ಸೆಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್‌ಗೆ ಹೋಗಿ ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್’ ಗುರುತು ಮಾಡಿ ತೆಗೆಯಿರಿ. ಅದೇ ಪಟ್ಟಿಯ ‘ಡೌನ್‌ಲೋಡ್ಸ್’ ಗುರುತನ್ನು ನೋಡಿಕೊಳ್ಳಿ, ಅದರಲ್ಲಿರುವುದು ನಿಮ್ಮ ಸ್ವಂತ ಫೈಲುಗಳು. ಅಪ್‌ಗ್ರೇಡ್ ಆಗಿ 10 ದಿನದೊಳಗೆ ವಾಪಸ್ ಹೋಗುವ ಅವಕಾಶ ಈ ಫೋಲ್ಡರಿನಿಂದಲೇ ಸಿಗುವುದು. ಆದ್ದರಿಂದ ಪ್ರಿಂಟರ್, ಸ್ಕ್ಯಾನರ್, ಟ್ಯಾಲಿ ಎಲ್ಲ ಓಡಿಸಿ ನೋಡಿದ ಮೇಲೆ ತೆಗೆಯಿರಿ.

ಪ್ರಶ್ನೆ: ವಿಂಡೋಸ್ ಜತೆಗಿದ್ದ ಉಬುಂಟು ಪಾರ್ಟಿಶನ್ ಅಳಿಸಿದೆ. ಈಗ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ‘ಗ್ರಬ್’ ಎಂದಷ್ಟೇ ಬರುತ್ತದೆ.
– ಓದುಗರು, ಮಡಗಾಂವ್

ಉತ್ತರ: ವಿಂಡೋಸ್ ಹೋಗಿಲ್ಲ. ಗ್ರಬ್ ಎಂಬುದು ಉಬುಂಟು ಹಾಕಿದ್ದ ಬೂಟ್ ತಂತ್ರಾಂಶ, ಅದಕ್ಕೆ ಬೇಕಾದ ಫೈಲುಗಳು ಪಾರ್ಟಿಶನ್ನಿನ ಜತೆ ಅಳಿಸಿಹೋಗಿವೆ. ಬಯಾಸ್‌ಗೆ (ವಿಂಡೋಸ್‌ಗೂ ಮುನ್ನ ತೆರೆಯುವ ಕಂಪ್ಯೂಟರಿನ ಮೂಲ ಸೆಟಿಂಗ್ಸ್) ಹೋಗಿ ಬೂಟ್ ಪಟ್ಟಿಯಲ್ಲಿ ‘ಉಬುಂಟು’ ಬದಲು ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೇಲಕ್ಕೆ ತನ್ನಿ. ಆ ಹೆಸರೇ ಇಲ್ಲದ ಹಳೇ ಬಯಾಸ್ ಆದರೆ ವಿಂಡೋಸ್ ಪೆನ್ ಡ್ರೈವಿನಿಂದ ಬೂಟ್ ಮಾಡಿ, ರಿಪೇರ್‌ನಡಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಬೂಟ್‌ರೆಕ್’, ಜಾಗ, ‘ಸ್ಲ್ಯಾಶ್ ಫಿಕ್ಸ್‌ಎಂಬಿಆರ್’ ಕೊಡಿ.