ಹದಿನಾಲ್ಕು ತಾಸು ಕೂತರೂ ಮುಗಿಯದ ಕೆಲಸ

ಸಲಹೆ ಕೇಳಲು ಬಂದವರ ವಯಸ್ಸು 36. ಹೆಂಡತಿ, ಶಾಲೆಗೆ ಹೋಗುವ ಮಗಳು, ವಯಸ್ಸಾದ ತಾಯಿ. ಕಲಬುರಗಿಯಲ್ಲೇ ಬಿ.ಇ. ಓದಿ ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅದರಲ್ಲಿ ಒಂಬತ್ತು ವರ್ಷ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದೇ ಪ್ರಾಜೆಕ್ಟಿನಲ್ಲಿ ಕಳೆದಿದೆ. 2020ರಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದ ಮೇಲೆ ಮನೆಯಿಂದಲೇ ಕೆಲಸ. (ಅವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರ ಬದಲಿಸಲಾಗಿದೆ.)

ಮೊದಲು ಮಾತಾಡಿದ್ದು ಹೆಂಡತಿ. "ಮುಂಜಾನಿ ಏಳಕ್ಕ ಲ್ಯಾಪ್‌ಟಾಪ್ ತೆಗೀತಾರ, ರಾತ್ರಿ ಒಂಬತ್ತಕ್ಕ ಮುಚ್ಚತಾರ. ಏನ್ ಆಯ್ತು ಅಂತ ಕೇಳಿದ್ರ ಏನೂ ಆಗಿಲ್ಲ ಅಂತಾರ್ರೀ." ಗಂಡ ಹೇಳಿದ್ದು ಇನ್ನೂ ಕಡಿಮೆ: "ಹೊಸ ಹುಡುಗ್ರು ಎಐ ಹಚ್ಚಿ ತಾಸಿನ್ಯಾಗ ಮುಗಿಸ್ತಾರ. ನಂದು ಮುಗೀತ್ರಿ." ದುಡ್ಡು ಕೊಟ್ಟು ಮೂರು ಆನ್‌ಲೈನ್ ಕೋರ್ಸ್ ತಗೊಂಡಿದ್ದರು. ಒಂದೂ ಮೂರನೇ ಪಾಠ ದಾಟಿರಲಿಲ್ಲ.

ಕೆಲಸದ ರೂಢಿಯ ಮಾತು ಎತ್ತುವ ಮೊದಲು ನಿದ್ದೆ, ಹಸಿವು, ಮನಸ್ಸಿನ ಸ್ಥಿತಿ ಕೇಳಲಾಯಿತು. ಜೀವ ಬೇಡ ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಲಾಯಿತು. ಇಲ್ಲ ಎಂದರು. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮೊದಲು ಮನೋವೈದ್ಯರ ಬಳಿ ಕಳಿಸಬೇಕಾಗುತ್ತಿತ್ತು. ಅಂಥವರಿಗೆ ವೇಳಾಪಟ್ಟಿ ಬರೆದುಕೊಟ್ಟರೆ ಅದೂ ಒಂದು ಹೊರೆ. ಇವರ ತೊಂದರೆ ನಿದ್ದೆಗೆಟ್ಟು ಹೆದರಿದ್ದು. ಬಿಪಿ, ಶುಗರ್ ನೋಡಿಸಿಕೊಳ್ಳಲು ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಅನ್ನು ಇಬ್ಬರಿಗೂ ಬರೆದುಕೊಡಲಾಯಿತು.

ಮೊದಲ ವಾರ ಸಲಹೆ ಒಂದೇ: ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕೈಯಲ್ಲಿದ್ದ ಕೆಲಸ ಬಿಟ್ಟು ಬೇರೆಯದಕ್ಕೆ ಹೋದಾಗಲೆಲ್ಲ ಗಂಟೆ ಮತ್ತು ಕಾರಣ ಒಂದು ಸಾಲು ಬರೆಯಿರಿ. ಮೊಬೈಲ್ ಆ್ಯಪ್ ಬೇಡ. ಬರೆಯಲು ಮೊಬೈಲ್ ಎತ್ತಿದವರು ವಾಟ್ಸ್ಆ್ಯಪ್ ನೋಡದೆ ಇಡುವುದಿಲ್ಲ.

ಆ ವಾರದ ಮಂಗಳವಾರದ ಪುಟ ಹೀಗಿತ್ತು. 7:10 ರಾತ್ರಿ ಬಂದ ಮೇಲ್. 7:25 ಕೋಡ್ ತೆಗೆದರು. 7:40 ನಳದಾಗ ನೀರು ಬಂದವು, ಮೋಟರ್ ಹಚ್ಚಿದರು. 8:05 ಮತ್ತೆ ಕೋಡ್. 8:20 ಮಗಳನ್ನು ಶಾಲೆಗೆ ಬಿಡುವುದು. 9:00 ಮೆಸೇಜು. 10:00 ಮೀಟಿಂಗ್. 10:50 ಅವ್ವ ಜೋಳ ಗಿರಣಿಗೆ ಒಯ್ಯಲು ಹೇಳಿದರು. ಹೀಗೆ ರಾತ್ರಿವರೆಗೆ 31 ಸಾಲು. ಇಡೀ ದಿನದಲ್ಲಿ ತಡೆಯಿಲ್ಲದೆ ಕೋಡ್ ಮುಂದೆ ಕೂತ ಅತಿ ಉದ್ದದ ಹೊತ್ತು 22 ನಿಮಿಷ. ಹದಿನಾಲ್ಕು ತಾಸು ಕೂತಿದ್ದು ಖರೆ, ಆದರೆ ಅದು ಕೆಲಸದ ಹತ್ತಿರ ಕೂತಿದ್ದು. ಕೋಡ್ ಬರೆಯುವವರು ಯಾವ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಯಾವುದನ್ನು ಕರೆಯುತ್ತದೆ, ಯಾವ ಮೌಲ್ಯ ಎಲ್ಲಿ ಬದಲಾಗುತ್ತದೆ ಎಂಬುದನ್ನೆಲ್ಲ ತಲೆಯಲ್ಲಿ ಹಿಡಿದಿರಬೇಕು. ಒಮ್ಮೆ ಎದ್ದರೆ ಅದು ಚದುರುತ್ತದೆ. ಮತ್ತೆ ಕಟ್ಟಿಕೊಳ್ಳಲು ಹದಿನೈದು ನಿಮಿಷವಾದರೂ ಹೋಗುತ್ತದೆ, ಅಷ್ಟರಲ್ಲಿ ಮುಂದಿನ ಕರೆ.

ಪುಟಗಳಲ್ಲಿ ಇನ್ನೊಂದು ವಿಷಯವಿತ್ತು. ಒಂದೇ ದೋಷದ ಹೆಸರು ಸೋಮವಾರದಿಂದ ಗುರುವಾರದವರೆಗೆ ಬರುತ್ತಿತ್ತು. ಕೆಲವು ಬಿಲ್‌ಗಳು ಹಿಂದಿನ ದಿನದ ಲೆಕ್ಕಕ್ಕೆ ಬೀಳುತ್ತಿದ್ದವು. ನಾಲ್ಕು ದಿನ ಒಬ್ಬರೇ ಹುಡುಕಿದರು. ಐದನೇ ದಿನ ಸಹೋದ್ಯೋಗಿ ನೋಡಿ ಹತ್ತು ನಿಮಿಷದಲ್ಲಿ ಹೇಳಿದರು: ಸರ್ವರ್ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಓಡುತ್ತಿದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ. ಹಾಗಾಗಿ ರಾತ್ರಿ 12ರಿಂದ ಬೆಳಗಿನ 5:30ರ ಒಳಗೆ ಮಾಡಿದ ಬಿಲ್ ಮಾತ್ರ ಹಿಂದಿನ ದಿನಕ್ಕೆ ಹೋಗುತ್ತದೆ. ಮೊದಲ ದಿನವೇ ಯಾಕೆ ಕೇಳಲಿಲ್ಲ? "ಹನ್ನೊಂದು ವರ್ಷ ಆದವ ಇದನ್ನ ಕೇಳಿದ್ರ ಏನಂತಾರ್ರೀ?" ಕೋರ್ಸ್ ಸಾಲದಾಗಿದೆ ಎಂದು ತಿಳಿದವರಿಗೆ ನಿಜವಾಗಿ ಸಾಲದಾಗಿದ್ದದ್ದು ಮುರಿಯದ ಹೊತ್ತು, ಮತ್ತು ಬಾಯಿಬಿಟ್ಟು ಕೇಳುವ ರೂಢಿ.

ಎರಡನೇ ಭೇಟಿಗೆ ತಾಯಿಯನ್ನೂ ಕರೆಸಲಾಯಿತು. "ಮನ್ಯಾಗೇ ಕೂತಿರ್ತಾನ, ಅದಕ್ಕ ಹೇಳ್ತೀನಿ" ಎಂದರು. ಅದರಲ್ಲಿ ತಪ್ಪೇನಿಲ್ಲ, ಅವರ ಕಣ್ಣಿಗೆ ಮಗ ಕೆಲಸಕ್ಕೆ ಹೋಗಿಯೇ ಇಲ್ಲ. ಗಿರಣಿ, ಗ್ಯಾಸ್, ಸಂತೆ ಎಲ್ಲ ಶನಿವಾರಕ್ಕೆ ಎಂದು ಒಪ್ಪಿಸಲಾಯಿತು. ಮೋಟರ್ ಹಚ್ಚುವ ಕೆಲಸ ಹೆಂಡತಿ ತಗೊಂಡರು, ಮಗಳನ್ನು ಆಟೋಗೆ ಹಚ್ಚಿದರು.

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ಫ್ಯಾನ್ ತಿರುಗಬಹುದು, ತಲೆ ಓಡುವುದಿಲ್ಲ. ಬೆಂಗಳೂರಿನ ವೇಳಾಪಟ್ಟಿ ಇಲ್ಲಿ ಹೊಂದುವುದಿಲ್ಲ. ಅದಕ್ಕೇ ಕಠಿಣ ಕೆಲಸ ಬೆಳಗಿನ 6:30ರಿಂದ. ಆ ಹೊತ್ತಿನಲ್ಲಿ ಮೇಲ್, ಮೆಸೇಜು ಎರಡೂ ಬಂದ್. ಮಧ್ಯಾಹ್ನ 1ರಿಂದ 4 ಇತರರ ಕೋಡ್ ನೋಡುವುದು, ಉತ್ತರ ಬರೆಯುವುದು, ಮೀಟಿಂಗ್. ವೈಫೈ ರೂಟರ್‌ಗೆ ಚಿಕ್ಕ ಯುಪಿಎಸ್ ಬೇರೆಯೇ ಇರಲಿ ಎಂದೂ ಹೇಳಲಾಯಿತು. ಸಂಜೆ 7ಕ್ಕೆ ಲ್ಯಾಪ್‌ಟಾಪ್ ಬಂದ್. ಮುಚ್ಚುವ ಮೊದಲು ಐದು ನಿಮಿಷ, ನಾಳೆ ಮೊದಲು ತೆಗೆಯಬೇಕಾದ ಫೈಲ್ ಯಾವುದು, ಏನು ಅನುಮಾನ ಎಂದು ಎರಡು ಸಾಲು. ಇನ್ನೂ ಒಳ್ಳೆಯದೆಂದರೆ ಫೇಲ್ ಆಗುವ ಒಂದು ಟೆಸ್ಟ್ (ಕೋಡ್ ಸರಿಯಿದೆಯೇ ಎಂದು ನೋಡುವ ಚಿಕ್ಕ ಕೋಡ್) ಬರೆದಿಟ್ಟು ಏಳುವುದು. ಬೆಳಿಗ್ಗೆ ಅದನ್ನು ಓಡಿಸಿದರೆ ಎಲ್ಲಿಂದ ಶುರು ಮಾಡಲಿ ಎಂದು ಹುಡುಕಬೇಕಿಲ್ಲ.

ಸಿಕ್ಕಿಬಿದ್ದಾಗ 45 ನಿಮಿಷ ಒಬ್ಬರೇ ನೋಡಿ, ನಂತರ ಬರೆದು ಕೇಳಬೇಕು. ಬರಹದಲ್ಲಿ ನಾಲ್ಕು ಇರಲಿ: ಏನಾಗಬೇಕಿತ್ತು, ಏನಾಗುತ್ತಿದೆ, ಏನೇನು ಮಾಡಿ ನೋಡಿದೆ, ಎರರ್‌ನ ಪೂರ್ತಿ ಪಠ್ಯ. "ಹೆಲ್ಪ್ ಬೇಕು, ಫ್ರೀ ಇದ್ದೀರಾ" ಎಂದಷ್ಟೇ ಕಳಿಸಿದರೆ ಯಾರೂ ಉತ್ತರಿಸುವುದಿಲ್ಲ. ಹೀಗೆ ಬರೆಯುವಾಗಲೇ ಅರ್ಧ ಪ್ರಶ್ನೆಗಳಿಗೆ ಉತ್ತರ ಹೊಳೆಯುವುದುಂಟು. ಹೋದ ವಾರ ಸರಿಯಿದ್ದದ್ದು ಈ ವಾರ ಕೆಟ್ಟಿದ್ದರೆ ಕೋಡ್ ಓದುತ್ತ ಕೂರುವುದೇ ಬೇಡ, ಕೆಡಿಸಿದ ಬದಲಾವಣೆ ಹುಡುಕಿಕೊಡುವ ಗಿಟ್ ಬೈಸೆಕ್ಟ್ ಕಮಾಂಡ್ ಓಡಿಸಿದರೆ ಸಾಕು. ಅದು ನಡುವಿಗೆ ಕತ್ತರಿಸುತ್ತ ಹೋಗುತ್ತದೆ, ಸಾವಿರ ಕಮಿಟ್ (ಒಮ್ಮೆಗೆ ಉಳಿಸಿಟ್ಟ ಕೋಡಿನ ಬದಲಾವಣೆ) ಇದ್ದರೂ ಸುಮಾರು ಹತ್ತು ಹೆಜ್ಜೆಯಲ್ಲಿ ಕೆಡಿಸಿದ ಕಮಿಟ್ ಸಿಗುತ್ತದೆ. ಕಮಿಟ್‌ಗಳು ಚಿಕ್ಕವಿರಬೇಕು ಅಷ್ಟೇ. 2,000 ಸಾಲಿನ ಒಂದೇ ಕಮಿಟ್ ಕೈಗೆ ಬಂದರೆ ಹುಡುಕಾಟ ಮತ್ತೆ ಮೊದಲಿನಿಂದ.

ಇನ್ನು ಹೊಸದು ಕಲಿಯುವ ಮಾತು. ಕೋರ್ಸ್‌ಗಳನ್ನು ಸದ್ಯ ಮರೆಯಲು ಹೇಳಲಾಯಿತು. ಇವರ ಪ್ರಾಜೆಕ್ಟ್ ಇನ್ನೂ 2014ರ ಆವೃತ್ತಿಯಾದ ಜಾವಾ 8ರಲ್ಲಿದೆ. ಅದನ್ನೇ 2021ರ ಜಾವಾ 17ಕ್ಕೆ ಏರಿಸಿದರೆ ಕಲಿತದ್ದು ಕಂಪನಿಗೂ ಕಾಣುತ್ತದೆ, ಮುಂದಿನ ಸಂದರ್ಶನಕ್ಕೂ ಬರುತ್ತದೆ. ವಾರಕ್ಕೆ ನಾಲ್ಕು ತಾಸು, ಮ್ಯಾನೇಜರ್‌ಗೆ ಮೊದಲೇ ತಿಳಿಸಿ, ಅತಿ ಚಿಕ್ಕ ಸರ್ವೀಸ್ (ಪ್ರಾಜೆಕ್ಟಿನಲ್ಲಿ ಬೇರೆಯಾಗಿ ಓಡುವ ಭಾಗ) ಒಂದನ್ನು ಆರಿಸಿಕೊಂಡು. ಮೊದಲು ಈಗಿನ ನಡವಳಿಕೆಗೆ ಟೆಸ್ಟ್ ಬರೆಯಬೇಕು. ಆಮೇಲೆ ಜಾವಾ ಜೊತೆಗೇ ಬರುವ ಜೆಡೆಪ್ಸ್ ಎಂಬ ಸಾಧನ ಓಡಿಸಿ ಜಾವಾದ ಒಳಭಾಗಗಳನ್ನು ಎಲ್ಲೆಲ್ಲಿ ಮುಟ್ಟಲಾಗಿದೆ ನೋಡಬೇಕು, 17ರಲ್ಲಿ ಆ ಬಾಗಿಲು ಮುಚ್ಚಿದೆ. ಎಕ್ಸ್ಎಂಎಲ್ ಎಂಬ ರೂಪದ ಮಾಹಿತಿ ಓದುವ ಜಾಕ್ಸ್‌ಬಿ ಜಾವಾ 11ರಲ್ಲೇ ಹೊರಬಿದ್ದಿದೆ, ಬೇರೆ ಲೈಬ್ರರಿಯಾಗಿ (ಸಿದ್ಧ ಕೋಡಿನ ಕಟ್ಟು) ಸೇರಿಸಿಕೊಳ್ಳಬೇಕು. ಪದೇಪದೇ ಬರುವ ಕೋಡನ್ನು ತಾನೇ ತುಂಬುವ ಲೊಂಬೋಕ್ ಲೈಬ್ರರಿಯ ಹಳೆಯ ಆವೃತ್ತಿ, ಕೋಡ್ ಕಂಪೈಲ್ ಆಗುವಾಗಲೇ (ಯಂತ್ರ ಓಡಿಸಬಲ್ಲ ರೂಪಕ್ಕೆ ಬರುವಾಗಲೇ) ಕೈಕೊಡುತ್ತದೆ. ಪ್ರಾಜೆಕ್ಟ್ ಕಟ್ಟಿರುವ ಚೌಕಟ್ಟಾದ ಸ್ಪ್ರಿಂಗ್ ಬೂಟ್‌ನ 2.7ರಲ್ಲಿ ನಿಂತು ಉಸಿರು ತಗೊಂಡು ಆಮೇಲೆ 3ಕ್ಕೆ ಹೋಗುವುದು. 3ಕ್ಕೆ ಜಾವಾ 17 ಇರಲೇಬೇಕು, ಜಾವ್ಯಾಕ್ಸ್ ಎಂದಿದ್ದ ಹಲವು ಹೆಸರು ಜಕಾರ್ತಾ ಎಂದು ಬದಲಾಗುತ್ತವೆ. ಜಾವಾ ಏರಿಸುವುದು, ಸ್ಪ್ರಿಂಗ್ ಬೂಟ್ 3ಕ್ಕೆ ಹೋಗುವುದು ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಎಐ ಬೇಡ ಎನ್ನಲಿಲ್ಲ. ಬಳಸುವ ಕ್ರಮ ಮಾತ್ರ ಹೀಗೆ: ಏನು ಬೇಕೆಂಬ ಟೆಸ್ಟ್ ಮೊದಲು ನೀವು ಬರೆಯಿರಿ, ಕೋಡ್ ಅದು ಬರೆಯಲಿ, ಅರ್ಥವಾಗದ ಒಂದು ಸಾಲನ್ನೂ ಕಮಿಟ್ ಮಾಡಬೇಡಿ. ಕಂಪನಿಯ ಅನುಮತಿಯಿಲ್ಲದೆ ಪಾಸ್‌ವರ್ಡ್, ಗ್ರಾಹಕರ ಮಾಹಿತಿ, ಕಂಪನಿಯ ಕೋಡ್ ಅದರಲ್ಲಿ ಹಾಕಬೇಡಿ. ಒಂಬತ್ತು ವರ್ಷದಿಂದ ಆ ಬಿಲ್ಲಿಂಗ್ ಲೆಕ್ಕ ಬಲ್ಲವರು ಇವರು. ಎಐ ಕೊಟ್ಟ ಕೋಡ್ ಎಲ್ಲಿ ತಪ್ಪಿತು ಎಂದು ಹಿಡಿಯಬಲ್ಲವರೂ ಇವರೇ, ಹೊಸ ಹುಡುಗರಲ್ಲ.

ಮೂರನೇ ವಾರಕ್ಕೆ ಎಲ್ಲ ಕುಸಿಯಿತು. 6:30ಕ್ಕೆ ಸತತ ಮೂರು ತಾಸು ಕೂರುತ್ತೇನೆ ಎಂದು ತಾವೇ ಏರಿಸಿಕೊಂಡಿದ್ದರು. ನಾಲ್ಕು ದಿನ ನಡೆದು, ಐದನೇ ದಿನ ಮದುವೆಗೆಂದು ಬೀದರಿಗೆ ಹೋಗಿ ಬಂದವರು ಮತ್ತೆ ಕೂರಲೇ ಇಲ್ಲ. ಹೊತ್ತನ್ನು 90 ನಿಮಿಷಕ್ಕೆ ಇಳಿಸಲಾಯಿತು, ನಡುವೆ ಒಮ್ಮೆ ಎದ್ದು ಚಹಾ. ತಪ್ಪಿದ ದಿನದ ಬಾಕಿಯನ್ನು ಮರುದಿನಕ್ಕೆ ಸೇರಿಸಬಾರದು ಎಂಬುದನ್ನೂ ಬರೆದುಕೊಡಬೇಕಾಯಿತು.

ಆರನೇ ವಾರದ ನೋಟ್‌ಬುಕ್ಕಿನಲ್ಲಿ ದಿನಕ್ಕೆ 12ರಿಂದ 14 ಸಾಲು, ಅತಿ ಉದ್ದದ ಹೊತ್ತು 80 ನಿಮಿಷ. ನಿದ್ದೆ ಐದರಿಂದ ಆರೂವರೆ ತಾಸಿಗೆ ಬಂದಿದೆ. ಚಿಕ್ಕ ಸರ್ವೀಸ್ ಜಾವಾ 17ರಲ್ಲಿ ಓಡುತ್ತಿದೆ, ಆದರೆ ಪಿಡಿಎಫ್ ಮಾಡುವ ಒಂದು ಹಳೆಯ ಲೈಬ್ರರಿ ತೊಡಕು ಕೊಡುತ್ತಿದೆ. ಅದರ ಬಗ್ಗೆ ತಂಡಕ್ಕೆ ಬರೆದು ಕೇಳಿದ್ದಾರೆ. ಮುಂದಿನ ಭೇಟಿ ತಿಂಗಳಿಗೆ, ಶನಿವಾರ ಗಿರಣಿಗೆ ಹೋಗಿ ಬಂದ ಮೇಲೆ.