ನಿಶ್ಚಿತಾರ್ಥದ ಫೋಟೋಗೆ ಕೋಟೆಯ ಹಿನ್ನೆಲೆ

ಪ್ರಶ್ನೆ: ನಮ್ಮ ನಿಶ್ಚಿತಾರ್ಥದ ಫೋಟೋಗಳನ್ನು ಚಿತ್ರದುರ್ಗದ ಕೋಟೆಯಲ್ಲಿ ತೆಗೆಸಬೇಕೆಂದಿದ್ದೇವೆ. ಸಿದ್ಧತೆ ಹೇಗಿರಬೇಕು?
– ಓದುಗಿ, ದಾವಣಗೆರೆ

ಉತ್ತರ: ಕೋಟೆಯು ಭಾರತೀಯ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವುದರಿಂದ, ಟ್ರೈಪಾಡ್, ಲೈಟುಗಳನ್ನು ಒಯ್ಯುವ ಮೊದಲೇ ಅನುಮತಿಯ ವಿಷಯವನ್ನು ಇಲಾಖೆಯವರಲ್ಲಿ ವಿಚಾರಿಸಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗುವುದು ಲೇಸು. ಹೊತ್ತೇರಿದಂತೆ ಬಂಡೆಗಳು ಕಾಯುವುದಲ್ಲದೆ, ನೆತ್ತಿಯ ಮೇಲಿನ ಬಿಸಿಲು ಕಣ್ಣುಗಳ ಕೆಳಗೆ ಕಪ್ಪು ನೆರಳು ಬೀಳಿಸುತ್ತದೆ. ಬೂದುಬಣ್ಣದ ಕಲ್ಲಿನ ಮುಂದೆ ಕೆಂಪು ಸೆರಗಿನ ಇಳಕಲ್ ಸೀರೆ ಎದ್ದು ಕಾಣುತ್ತದೆ. ನಿಮ್ಮ ಭಾವಿ ಪತಿಯ ಅಂಗಿ ಗೆರೆ, ಚೌಕುಳಿಗಳಿಲ್ಲದ ಕೆನೆಬಣ್ಣದ್ದಾಗಿರಲಿ. ಉಂಗುರದ ಚಿತ್ರ ಹತ್ತಿರದಿಂದ ಬೇಕಿದ್ದರೆ, ಬಣ್ಣ ಚೆನ್ನಾಗಿ ಏರಲು ಎರಡು ದಿನ ಮೊದಲೇ ಮೆಹಂದಿ ಹಚ್ಚಿಸಿಕೊಳ್ಳಿ. ಮೆಟ್ಟಿಲು ಹತ್ತಲು ಹಿಮ್ಮಡಿಯಿಲ್ಲದ ಚಪ್ಪಲಿಯೇ ಸರಿ. ಹೇಳಿಕೊಟ್ಟ ಭಂಗಿಗಳಿಗಿಂತ ನೀವಿಬ್ಬರೂ ಮಾತನಾಡುತ್ತ ನಡೆಯುವ ಚಿತ್ರಗಳೇ ಚೆಂದವೆಂಬುದು ನನ್ನ ಅಭಿಪ್ರಾಯ. ಆದರೆ ಫೋಟೋಗಾಗಿ ಕೋಟೆಗೋಡೆಯ ಅಂಚನ್ನು ಮಾತ್ರ ಹತ್ತಬೇಡಿ.